ಸಾವನ್ನು ಉಡುವುದು: ಉಗ್ರವೇಷ ಮತ್ತು ನಿಲುವಿನ ಪ್ರಶ್ನೆ

ಉಡುಗೆಗೂ ಉಟ್ಟವರ ರಾಜಕೀಯ ನಿಲುವಿಗೂ ಇರುವ ಸಂಬಂಧವನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಖಾದಿ, ಕಾವಿ, ಹಸಿರು ಶಾಲುಗಳ ಸುತ್ತ ನಡೆದಿದೆ. ಇವು ನಿಲುವನ್ನು ಸಾರಿ ಹೇಳುವ ಉಡುಗೆಗಳು. ಉಟ್ಟವನು ನುಡಿದಂತೆ ನಡೆಯದಿದ್ದರೆ ಅವನನ್ನು ಟೀಕಿಸುವುದು ಕಷ್ಟವೇನಲ್ಲ. ಇದಕ್ಕಿಂತ ತೊಡಕಿನದು ಇನ್ನೊಂದು ಬಗೆಯ ಉಡುಗೆ. ತಲೆಬುರುಡೆ, ರುಂಡಮಾಲೆ, ಸುಡುಗಾಡಿನ ಬೂದಿ, ಹೆಣದ ಬಟ್ಟೆ, ಮೈಗೆ ಬಳಿದ ಮಸಿ ಇವೆಲ್ಲ ನೋಡುವವರನ್ನು ಬೆಚ್ಚಿಸಲೆಂದೇ, ಕೆಣಕಲೆಂದೇ ತೊಡುವಂಥವು. ದಯೆಯನ್ನೂ ಸಮಾನತೆಯನ್ನೂ ತಮ್ಮ ಮೌಲ್ಯಗಳೆಂದು ಒಪ್ಪಿದ ವ್ಯಕ್ತಿಯೋ ಸಮುದಾಯವೋ ಇಂಥ ವೇಷವನ್ನು ತೊಟ್ಟಾಗ ಆ ವೇಷವು ಆ ಮೌಲ್ಯಗಳನ್ನು ಅಲ್ಲಗಳೆಯುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಇದು ಇತ್ತೀಚಿನ ನಗರದ ತರುಣರ ಪ್ರಶ್ನೆಯೆಂದು ತೋರಬಹುದು. ಆದರೆ ಕನ್ನಡ ಕಾವ್ಯವೂ ಜನಪದ ಆಚರಣೆಯೂ ಇದನ್ನು ಎಂಟು ನೂರು ವರ್ಷಗಳಿಗೂ ಹಿಂದಿನಿಂದ ಎದುರಿಸುತ್ತ ಬಂದಿವೆ.

ಹೊಂಗನೂರನ್ನು ಒಳಗೊಂಡ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಸೀಮೆಯ ಜಾತ್ರೆ ಉತ್ಸವಗಳಲ್ಲಿ ಕಾಣುವ ವೀರಗಾಸೆಯನ್ನು ಮೊದಲು ಗಮನಿಸಬಹುದು. ಕೆಂಪು ಅಥವಾ ಕಾವಿ ಬಣ್ಣದ ಕಚ್ಚೆ, ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಎದೆಗೆ ವೀರಭದ್ರನ ಮುಖವುಳ್ಳ ಹಲಗೆ, ಸೊಂಟಕ್ಕೆ ನಾಗಾಭರಣ, ಬೆನ್ನಿನ ಮೇಲೆ ಇಳಿಬಿದ್ದ ಬಿಳಿಯ ಚೌರಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಹಿರಿದ ಕತ್ತಿ. ಸಂಬಾಳ, ಕರಡೆಗಳ ಗತಿಗೆ ಹೆಜ್ಜೆ ಹಾಕುತ್ತ, ನಡುನಡುವೆ ಒಡಪು ಹೇಳುತ್ತ, ಕೆಲವೊಮ್ಮೆ ಶಸ್ತ್ರವನ್ನು ಕೆನ್ನೆಗೋ ನಾಲಗೆಗೋ ಚುಚ್ಚಿಕೊಳ್ಳುತ್ತ ಕಲಾವಿದರು ಸಾಗುತ್ತಾರೆ. ಒಡಪಿನ ವಸ್ತು ಬಹುಪಾಲು ದಕ್ಷಯಜ್ಞದ ಧ್ವಂಸ, ಅಂದರೆ ಒಂದು ಕೊಲೆಯ ಕಥೆ. ಇದನ್ನು ನಿಷ್ಠೆಯಿಂದ ಉಳಿಸಿಕೊಂಡು ಬಂದವರಲ್ಲಿ ದಯೆಯೇ ಧರ್ಮದ ಮೂಲವೆಂದ ಶರಣ ಪರಂಪರೆಯ ವಾರಸುದಾರರೆಂದು ತಮ್ಮನ್ನು ತಿಳಿದವರು ಹೆಚ್ಚು. ವಿದ್ವಾಂಸರು ಇದನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಬಗೆಹರಿಸಿದ್ದಾರೆ. ವೀರಭದ್ರನ ಆರಾಧನೆ ಶರಣರಿಗಿಂತ ಹಳೆಯದು, ಅದು ಉಳಿದ ಪಳೆಯುಳಿಕೆ ಎನ್ನುವುದು ಒಂದು. ವೇಷವು ಕಲೆ, ಕಲೆಯನ್ನು ಮೌಲ್ಯದ ತಕ್ಕಡಿಯಲ್ಲಿ ತೂಗಬಾರದು ಎನ್ನುವುದು ಇನ್ನೊಂದು. ಎರಡೂ ಪ್ರಶ್ನೆಯನ್ನು ಬದಿಗೆ ಸರಿಸುತ್ತವೆಯೇ ಹೊರತು ಉತ್ತರಿಸುವುದಿಲ್ಲ. ವೇಷ ಕೇವಲ ಕಲೆಯಾಗಿದ್ದರೆ ತೊಡುವ ಮುನ್ನ ಅಷ್ಟೊಂದು ನೇಮ ಏಕೆ ಬೇಕು?

ಶರಣರಲ್ಲಿಯೇ ವೇಷದ ಬಗೆಗೆ ತೀವ್ರವಾದ ಅನುಮಾನವಿತ್ತು. ಲಾಂಛನವನ್ನು ಧರಿಸಿ ಅದರಂತೆ ಬಾಳದವರನ್ನು ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ ಮೊದಲಾದವರು ಬಿಡದೆ ಟೀಕಿಸಿದ್ದಾರೆ. ಇಲ್ಲಿನ ಮಾನದಂಡ ಸ್ಪಷ್ಟವಾಗಿದೆ: ಒಳಗೂ ಹೊರಗೂ ಒಂದಾಗಿರಬೇಕು. ಆದರೆ ಅದೇ ಕಾಲದ ಬಹುರೂಪಿ ಚೌಡಯ್ಯನು ವೇಷ ಹಾಕುವುದನ್ನೇ ಕಾಯಕವಾಗಿ ಉಳ್ಳವನು. ರೇಕಣ್ಣಪ್ರಿಯ ನಾಗಿನಾಥನ ಅಂಕಿತದಲ್ಲಿ ವಚನ ಬರೆದ ಅವನನ್ನು ವೇಷದ ವಿರೋಧಿಗಳಾದ ಶರಣರು ಹೊರಗಿಡಲಿಲ್ಲ. ವೇಷವನ್ನು ವೇಷವೆಂದೇ ತಿಳಿದು ದುಡಿಯುವವನಿಗೂ ವೇಷವನ್ನೇ ತನ್ನ ಯೋಗ್ಯತೆಯ ಪುರಾವೆಯಾಗಿ ತೋರುವವನಿಗೂ ನಡುವೆ ಅವರು ಗೆರೆ ಎಳೆದಿದ್ದರು. ಒಳಗು ಹೊರಗುಗಳ ಮಾನದಂಡವನ್ನಷ್ಟೇ ಹಿಡಿದು ವಚನಗಳನ್ನು ಓದುವ ಅಭ್ಯಾಸಕ್ಕೆ ಚೌಡಯ್ಯನು ಒಂದು ತಡೆ.

ಈ ಮಾನದಂಡದ ಮಿತಿ ಇನ್ನೂ ಸ್ಫುಟವಾಗಿ ಕಾಣುವುದು ಶೂನ್ಯಸಂಪಾದನೆಯ ಪ್ರಸಿದ್ಧ ಪ್ರಸಂಗದಲ್ಲಿ. ಉಡುಗೆಯನ್ನು ತೊರೆದು ಕೂದಲಿನಿಂದ ಮೈಮುಚ್ಚಿಕೊಂಡು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪರೀಕ್ಷಿಸುತ್ತಾನೆ. ಸೀರೆಯನ್ನು ಬಿಟ್ಟ ಮೇಲೆ ಕೂದಲನ್ನು ಏಕೆ ಮರೆಮಾಡಿಕೊಂಡೆ ಎಂಬುದು ಅವನ ಪ್ರಶ್ನೆಯ ತಿರುಳು. ಒಂದು ನಿಲುವನ್ನು ಒಪ್ಪಿದ ಮೇಲೆ ಮೈಮೇಲಿನ ಪ್ರತಿಯೊಂದೂ ಅದಕ್ಕೆ ಹೊಂದಬೇಕಲ್ಲವೆ ಎಂಬ ತರ್ಕ ಅದರಲ್ಲಿದೆ. ಇಂದಿನವರು ಪರಸ್ಪರ ಕೇಳುವ ಆಕ್ಷೇಪವೂ ಇದೇ. ಅಕ್ಕನ ಉತ್ತರ ಈ ತರ್ಕದ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ. ಒಳಗು ಮಾಗದೆ ಹೊರಸಿಪ್ಪೆಯ ಬಣ್ಣ ಮಾಸದು ಎಂಬ ಮಾತಿನ ಜೊತೆಗೆ ಆಕೆ ನೋಡುವವರನ್ನು ಚರ್ಚೆಯೊಳಕ್ಕೆ ತರುತ್ತಾಳೆ. ಮರೆಮಾಡಿಕೊಂಡದ್ದು ತನಗಾಗಿ ಅಲ್ಲ, ಕಂಡು ನೋಯುವ, ಕದಡುವ ಇತರರಿಗಾಗಿ. ಆಕೆಯ ಬೆತ್ತಲೆ ಆ ಕಾಲಕ್ಕೆ ಅತ್ಯಂತ ಕೆಣಕುವ ಉಡುಗೆ. ಅದನ್ನು ಆಕೆ ಹಿಂತೆಗೆದುಕೊಳ್ಳುವುದಿಲ್ಲ. ಕೆಣಕುವ ಹಕ್ಕನ್ನು ಬಿಡದೆಯೇ ಅದರಿಂದ ಯಾರಿಗೆ ಏನಾಗುತ್ತದೆ ಎಂಬ ಲೆಕ್ಕವನ್ನೂ ಆಕೆ ಇಟ್ಟುಕೊಂಡಿದ್ದಾಳೆ. ಹೀಗೆ ಅಲ್ಲಮನ ಪ್ರಶ್ನೆಯಲ್ಲಿ ಇಬ್ಬರಿದ್ದರೆ, ಅಂದರೆ ಉಟ್ಟವಳು ಮತ್ತು ಅವಳ ನಿಲುವು ಇದ್ದರೆ, ಅಕ್ಕನ ಉತ್ತರದಲ್ಲಿ ಮೂರನೆಯವರೊಬ್ಬರು ಸೇರುತ್ತಾರೆ. ವೇಷದ ಚರ್ಚೆಯಲ್ಲಿ ಸಾಮಾನ್ಯವಾಗಿ ಕಾಣೆಯಾಗುವವರು ಈ ಮೂರನೆಯವರೇ.

ಅಕ್ಕನ ಪ್ರಸಂಗದಲ್ಲಿ ಮೂರನೆಯವರು ನೋಡುಗರು. ಸಾವಿನ ಉಡುಗೆಯ ಸಂದರ್ಭದಲ್ಲಿ ಇನ್ನೊಬ್ಬ ಮೂರನೆಯವನೂ ಇರುತ್ತಾನೆ. ಯಾರ ಸಾವನ್ನು, ಯಾರ ಅವಮಾನವನ್ನು ವೇಷಧಾರಿ ತೊಟ್ಟಿದ್ದಾನೆಯೋ ಅವನು. ಇದನ್ನು ಅರಿಯಲು ಧರ್ಮಶಾಸ್ತ್ರಗಳ ಕಡೆಗೆ ಒಮ್ಮೆ ಹೊರಳಬೇಕಾಗುತ್ತದೆ. ಮನುಸ್ಮೃತಿಯ 10ನೆಯ ಅಧ್ಯಾಯವು ಚಂಡಾಲರಿಗೆ ಊರ ಹೊರಗಿನ ವಾಸವನ್ನು ವಿಧಿಸುವಾಗ ಅವರ ಉಡುಗೆಯನ್ನೂ ಗೊತ್ತುಮಾಡುತ್ತದೆ: ಸತ್ತವರ ಬಟ್ಟೆಯೇ ಅವರ ಬಟ್ಟೆ, ಕಬ್ಬಿಣವೇ ಅವರ ಒಡವೆ, ಒಡೆದ ಮಡಕೆಯೇ ಅವರ ಉಣ್ಣುವ ಪಾತ್ರೆ. ಸಾವಿನ ಉಡುಗೆ ಇಲ್ಲಿ ಆಯ್ಕೆಯಲ್ಲ, ಹುಟ್ಟಿನಿಂದ ಬಂದ ಶಿಕ್ಷೆ. ಬ್ರಾಹ್ಮಣನನ್ನು ಕೊಂದವನಿಗೂ ಸ್ಮೃತಿಕಾರರು ಒಂದು ವೇಷವನ್ನು ವಿಧಿಸುತ್ತಾರೆ. ಅವನು ತಲೆಬುರುಡೆಯನ್ನು ಹಿಡಿದು ಹನ್ನೆರಡು ವರ್ಷ ತಿರಿದುಣ್ಣುತ್ತ ತನ್ನ ಪಾತಕವನ್ನು ಸಾರಬೇಕು. ಡೇವಿಡ್ ಲೊರೆನ್ಜೆನ್ 1972ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಕಾಪಾಲಿಕರು ತೊಟ್ಟದ್ದು ಈ ಪಾತಕಿಯ ವೇಷವನ್ನೇ. ಬ್ರಹ್ಮನ ತಲೆ ಕಡಿದ ಶಿವನು ಬುರುಡೆ ಹಿಡಿದು ಅಲೆದಂತೆ, ಪಾತಕ ಮಾಡದಿದ್ದರೂ ಅವರು ಪಾತಕಿಯ ಗುರುತನ್ನು ವ್ರತವಾಗಿ ಧರಿಸಿದರು.

ಒಂದೇ ಶಾಸ್ತ್ರಪ್ರಪಂಚದಲ್ಲಿ ಹೀಗೆ ಸಾವಿನ ಉಡುಗೆ ಎರಡು ಕಡೆ ಕಾಣುತ್ತದೆ. ಒಬ್ಬನ ಮೇಲೆ ಅದನ್ನು ಹೊರಿಸಲಾಗಿದೆ, ಇನ್ನೊಬ್ಬ ತಾನಾಗಿ ಎತ್ತಿಕೊಂಡಿದ್ದಾನೆ. ಕಾಪಾಲಿಕನ ಎತ್ತಿಕೊಳ್ಳುವಿಕೆಯಲ್ಲಿ ಶುದ್ಧಾಶುದ್ಧದ ವ್ಯವಸ್ಥೆಯನ್ನು ಕೆಣಕುವ ಧೈರ್ಯವಿದೆ. ಅಲ್ಲಮನನ್ನು ಕಾಪಾಲಿಕ, ನಾಥ, ಕೌಲ ಮೊದಲಾದ ಪರಂಪರೆಗಳ ಹಿನ್ನೆಲೆಯಲ್ಲಿಟ್ಟು ಓದಿದ ಡಿ.ಆರ್. ನಾಗರಾಜ ಅವರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ (1999) ಈ ಪ್ರತಿಭೆಯ ಚೆಲುವನ್ನೂ ಅಪಾಯವನ್ನೂ ಕನ್ನಡ ವಿಮರ್ಶೆಯ ಗಮನಕ್ಕೆ ತಂದಿತು. ಆದರೂ ಒಂದು ಮಾತನ್ನು ಹೇಳದೆ ಬಿಡಲಾಗದು. ಕಾಪಾಲಿಕನ ಬುರುಡೆಯಿಂದ ಚಂಡಾಲನ ಮೈಮೇಲಿನ ಹೆಣದ ಬಟ್ಟೆ ಕಳಚಲಿಲ್ಲ. ಅವನು ಅಸ್ಪೃಶ್ಯತೆಯನ್ನು ತನ್ನ ಸಾಧನೆಯ ದಾರಿಯಾಗಿ ಬಳಸಿದನು. ಬಿಡಬೇಕೆನಿಸಿದಾಗ ಬಿಡಬಹುದಾಗಿದ್ದ ವೇಷವದು. 7ನೆಯ ಶತಮಾನದ ಪಲ್ಲವ ಅರಸ ಮಹೇಂದ್ರವರ್ಮನು ‘ಮತ್ತವಿಲಾಸ’ದಲ್ಲಿ ತನ್ನ ಬುರುಡೆಯನ್ನು ಕಳೆದುಕೊಂಡು ಒದ್ದಾಡುವ ಕಾಪಾಲಿಕನನ್ನು ನಗೆಗೀಡು ಮಾಡಿದ್ದಾನೆ. ಅರಸನೊಬ್ಬ ಇಷ್ಟು ನಿಶ್ಚಿಂತೆಯಿಂದ ನಗಬಲ್ಲವನಾಗಿದ್ದ ಎಂಬುದೇ ಆ ವೇಷದ ರಾಜಕೀಯ ಬಲ ಎಷ್ಟಿತ್ತು ಎಂಬುದನ್ನು ಸೂಚಿಸುತ್ತದೆ.

ಕನ್ನಡದಲ್ಲಿ ಈ ಎರಡೂ ಉಡುಗೆಗಳನ್ನು ಒಬ್ಬನೇ ಕವಿ ಕಾವ್ಯವಾಗಿಸಿದ್ದಾನೆ. ಹಂಪೆಯ ರಾಘವಾಂಕನು ಉದ್ದಂಡ ಷಟ್ಪದಿಯಲ್ಲಿ ಬರೆದ ‘ವೀರೇಶ ಚರಿತೆ’ ದಕ್ಷಯಜ್ಞ ಧ್ವಂಸದ ಕಥೆ. ಅವನ ‘ಹರಿಶ್ಚಂದ್ರ ಕಾವ್ಯ’ ಅರಸನೊಬ್ಬ ಸುಡುಗಾಡು ಕಾಯುವ ಕಥೆ. ಭವಿಯಾದ ಅರಸನನ್ನು ಹಾಡಿದ್ದಕ್ಕೆ ಸೋದರಮಾವನೂ ಗುರುವೂ ಆದ ಹರಿಹರನು ಮುನಿದನೆಂದೂ, ಅದರ ಪ್ರಾಯಶ್ಚಿತ್ತವಾಗಿ ರಾಘವಾಂಕನು ಶೈವ ಕೃತಿಗಳನ್ನು ರಚಿಸಿದನೆಂದೂ ಐತಿಹ್ಯವಿದೆ. ಐತಿಹ್ಯದ ನಿಜವೇನೇ ಇರಲಿ, ಪರಂಪರೆ ಈ ಎರಡು ಕೃತಿಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಿದೆ. ವೇಷದ ದೃಷ್ಟಿಯಿಂದ ಅವನ್ನು ಒಟ್ಟಿಗೆ ಓದಿದರೆ ಬೇರೊಂದು ಬಗೆಯ ಎದುರುಬದುರು ಕಾಣುತ್ತದೆ.

ದಕ್ಷನ ಕಥೆಯ ಮೂಲದಲ್ಲಿರುವುದೇ ಉಡುಗೆಯ ಜಗಳ. ಭಾಗವತದ 4ನೆಯ ಸ್ಕಂಧದಲ್ಲಿ ದಕ್ಷನು ಅಳಿಯನನ್ನು ನಿಂದಿಸುವಾಗ ಎತ್ತುವ ಮಾತುಗಳು ಸುಡುಗಾಡಿನ ವಾಸ, ಚಿತೆಯ ಬೂದಿ, ಮೂಳೆಯ ಒಡವೆ. ಇಂಥ ಉಡುಗೆಯವನಿಗೆ ಯಜ್ಞದಲ್ಲಿ ಪಾಲಿಲ್ಲ. ಹಾಗೆ ನೋಡಿದರೆ ವೀರಭದ್ರನ ರುಂಡಮಾಲೆ ಮತ್ತು ಕತ್ತಿ ಕೇವಲ ಹಿಂಸೆಯ ಪ್ರದರ್ಶನವಾಗದೆ, ಉಡುಗೆಯ ಕಾರಣಕ್ಕೆ ಪಂಕ್ತಿಯಿಂದ ಹೊರಗುಳಿದವನ ಕಡೆಯಿಂದ ಬಂದ ಉತ್ತರವಾಗುತ್ತದೆ. ಯಾವುದನ್ನು ಹೀನವೆಂದು ಜರೆದರೋ ಅದನ್ನೇ ಹೆಚ್ಚು ಮಾಡಿ, ಹಿರಿದು ಮಾಡಿ ಅವನು ಯಜ್ಞಶಾಲೆಗೆ ತಂದಿದ್ದಾನೆ. ವೀರಗಾಸೆಯ ವೇಷವನ್ನು ಶರಣ ಮೌಲ್ಯಗಳೊಂದಿಗೆ ಹೊಂದಿಸಬಲ್ಲ ಸಮರ್ಥ ವಾದ ಇದೊಂದೇ. ವೀರಭದ್ರ ಮೂರ್ತಿಗಳ ಪಕ್ಕದಲ್ಲಿ ಆಡಿನ ತಲೆ ಹೊತ್ತು ಕೈಮುಗಿದು ನಿಂತ ದಕ್ಷನೂ ಇರುತ್ತಾನೆ. ಕಡಿದ ತಲೆಗೆ ಬದಲಾಗಿ ಇನ್ನೊಂದು ತಲೆ ಕೊಟ್ಟು ಅವನನ್ನು ಬದುಕಿಸಲಾಗಿದೆ ಎಂಬ ಕಥೆಯ ಉತ್ತರಾರ್ಧ ಮರೆಯಬಾರದ್ದು.

ಆದರೆ ಈ ವಾದಕ್ಕೂ ಗಡಿಯಿದೆ. ಹೊರಗುಳಿದವನು ಒಳಗೆ ಬಂದ ಮೇಲೆ, ಅಧಿಕಾರ ಹಿಡಿದ ಮೇಲೆ, ಅದೇ ವೇಷದ ಅರ್ಥ ಹಾಗೆಯೇ ಉಳಿಯುವುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನು ತನ್ನ ತಲೆಯನ್ನೇ ಕಡಿದು ಮತ್ತೆ ಪಡೆದನೆಂದೂ, ಪಂತದಲ್ಲಿ ಸೋತ ಜೈನರ ಬಿಂಬವನ್ನು ಕಿತ್ತನೆಂದೂ ಅಲ್ಲಿಯ ಶಾಸನ ಹೇಳುತ್ತದೆ. ತನ್ನ ತಲೆಯನ್ನು ಒಡ್ಡುವವನ ತ್ಯಾಗ ಇನ್ನೊಬ್ಬರ ಗುಡಿಯನ್ನು ಕೆಡವುವ ಹಕ್ಕಾಗಿ ಮಾರ್ಪಟ್ಟ ಈ ಘಟನೆಯನ್ನು ವೀರಶೈವ ಕಾವ್ಯಗಳು ಸಂಭ್ರಮದಿಂದ ಹಾಡಿವೆ. ಅಲ್ಲಿ ಸಂಭ್ರಮವನ್ನಷ್ಟೇ ಕಾಣುವ ವಿಮರ್ಶೆ ಅರ್ಧ ಓದಿದಂತೆ.

‘ಹರಿಶ್ಚಂದ್ರ ಕಾವ್ಯ’ ಇನ್ನೊಂದು ತುದಿಯಿಂದ ತೊಡಗುತ್ತದೆ. ವಿಶ್ವಾಮಿತ್ರ ಸೃಷ್ಟಿಯ ಅನಾಮಿಕ ಹೆಣ್ಣುಗಳು ಅರಸನ ಮುಂದೆ ಹಾಡಿ ಕುಣಿಯುತ್ತಾರೆ. ಮೆಚ್ಚಿದ ಅರಸ ಒಡವೆ ಕೊಡಲು ಮುಂದಾದಾಗ ಅವರು ಬೇಡುವುದು ಅವನ ಬೆಳ್ಗೊಡೆಯನ್ನು. ಒಡವೆ ಕೊಡಬಲ್ಲವನು ಸತ್ತಿಗೆಯನ್ನು ಕೊಡಲಾರ. ಏಕೆಂದರೆ ಅದು ಕುಲದ, ಅಧಿಕಾರದ ಗುರುತು. ನಮ್ಮ ಹಾಡನ್ನು ಕಿವಿ ಸವಿಯಿತು, ಚೆಲುವನ್ನು ಕಣ್ಣು ಕಂಡಿತು, ಮುಟ್ಟಿದರೆ ಮಾತ್ರ ಮೈಲಿಗೆಯೇ ಎಂದು ಅವರು ಹೂಡುವ ವಾದಕ್ಕೆ ಅರಸನ ಬಳಿ ಬೈಗುಳವಲ್ಲದೆ ಉತ್ತರವಿಲ್ಲ. ಮುಂದೆ ಇದೇ ಅರಸ ಕಾಶಿಯಲ್ಲಿ ವೀರಬಾಹುಕನಿಗೆ ಆಳಾಗಿ ಸುಡುಗಾಡು ಕಾಯುತ್ತಾನೆ. ಸುಡುಗಾಡಿನ ತೆರೆಯೂ ಹೆಣಕ್ಕೆ ಹೊದಿಸಿದ ಬಟ್ಟೆಯೂ ಒಡೆಯನಿಗೆ ಸಲ್ಲಬೇಕು. ಸತ್ತ ಮಗನನ್ನು ಹೊತ್ತು ಬಂದ ಹೆಂಡತಿಯಿಂದಲೂ ಅವನು ತೆರೆಯನ್ನು ಕೇಳಬೇಕಾಗುತ್ತದೆ. ಸ್ಮೃತಿ ವಿಧಿಸಿದ ಹೆಣದ ಬಟ್ಟೆಯ ಲೋಕವನ್ನು ಕನ್ನಡ ಓದುಗ ಒಳಗಿನಿಂದ ಕಾಣುವುದು ಇಲ್ಲಿಯೇ. ಬೆಳ್ಗೊಡೆ ಕೊಡಲಾರದವನ ಕೈಗೆ ರಾಘವಾಂಕ ಹೆಣದ ಬಟ್ಟೆಯ ಲೆಕ್ಕವನ್ನು ಕೊಟ್ಟಿದ್ದಾನೆ. ಇದು ಕವಿಯ ಅರಿವಿಲ್ಲದೆ ಆದದ್ದೆಂದು ನಂಬುವುದು ಕಷ್ಟ.

ಹೀಗಿದ್ದೂ ಕಾವ್ಯ ಮುಗಿಯುವ ವೇಳೆಗೆ ಅರಸನು ಅರಸನಾಗಿಯೇ ಮರಳುತ್ತಾನೆ. ಅವನಿಗೆ ಸುಡುಗಾಡಿನ ಉಡುಗೆ ಒಂದು ಪರೀಕ್ಷೆ. ಪರೀಕ್ಷೆ ಮುಗಿದಾಗ ಉಡುಗೆ ಕಳಚುತ್ತದೆ, ಸತ್ಯಸಂಧನೆಂಬ ಕೀರ್ತಿ ಉಳಿಯುತ್ತದೆ. ಸುಡುಗಾಡು ಕಾಯುವ ಕೆಲಸ ಯಾವ ಕುಲದವರದೋ ಆ ಕುಲದವರಿಗೆ ಪರೀಕ್ಷೆಯ ಕೊನೆಯ ದಿನವೆಂಬುದಿಲ್ಲ. ಉಗ್ರವೇಷವು ಉಟ್ಟವರ ನಿಲುವಿಗೆ ವಿರುದ್ಧವೇ ಎಂದು ಕೇಳುವಾಗ ಕೇಳಬೇಕಾದ ನಿಜವಾದ ಪ್ರಶ್ನೆ ಇಲ್ಲಿ ಸಿಗುತ್ತದೆ. ಆ ವೇಷ ಯಾರ ಬಾಳಿನಿಂದ ಎತ್ತಿಕೊಂಡದ್ದು? ಎತ್ತಿಕೊಂಡವನಂತೆ ಅವನೂ ಅದನ್ನು ಕಳಚಿಡಬಲ್ಲನೇ?

ಈ ಪ್ರಶ್ನೆಗೆ ಕರ್ನಾಟಕದ ಸಮಕಾಲೀನ ಇತಿಹಾಸದಲ್ಲಿ ಅತ್ಯಂತ ಕಟುವಾದ ಉದಾಹರಣೆ ಕರಾವಳಿಯ ಕೊರಗ ವೇಷ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಪ್ರದೇಶಗಳ ನವರಾತ್ರಿಯ, ಅಂದರೆ ಮಾರ್ನೆಮಿಯ ದಿನಗಳಲ್ಲಿ ಹುಲಿ, ಕರಡಿ ಮೊದಲಾದ ವೇಷಗಳ ಜೊತೆಗೆ ಕೊರಗ ವೇಷವನ್ನೂ ಹಾಕುವ ರೂಢಿಯಿತ್ತು. ಮೈಗೆಲ್ಲ ಮಸಿ ಬಳಿದು, ತಲೆಗೆ ಹಾಳೆಯ ಮುಟ್ಟಾಳೆ ಇಟ್ಟು, ಕೊರಗರ ಮಾತು, ನಡೆಗಳನ್ನು ಅಣಕಿಸುತ್ತ ಮನೆಮನೆಗೆ, ಅಂಗಡಿಗಳಿಗೆ ಹೋಗಿ ಕಾಸು ಪಡೆಯುತ್ತಿದ್ದರು. ತೊಡುತ್ತಿದ್ದವರು ಕೊರಗರಲ್ಲ, ಇತರ ಜಾತಿಗಳವರು. ಹಲವರಿಗೆ ಇದು ದೇವಿಗೆ ಹೇಳಿಕೊಂಡ ಹರಕೆ.

ವೇಷದ ಹಿಂದಿರುವ ಬಾಳು ಎಂಥದೆಂದು ನೋಡಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಕೊರಗರ ಒಳಪಂಗಡಗಳ ಹೆಸರುಗಳೇ ಉಡುಗೆಯಿಂದ ಬಂದವು. ಸೊಪ್ಪು ಕೊರಗರು ಎಲೆಗಳನ್ನು ಉಡುವವರು. ಅಂಡೆ ಕೊರಗರು ಕೊರಳಿಗೆ ಅಂಡೆಯನ್ನು, ಎಂದರೆ ಪಾತ್ರೆಯನ್ನು ಕಟ್ಟಿಕೊಂಡು ತಿರುಗಬೇಕಾಗಿದ್ದವರು, ಏಕೆಂದರೆ ಅವರು ದಾರಿಯಲ್ಲಿ ಉಗುಳುವಂತಿರಲಿಲ್ಲ. ಇದರ ಮೇಲೆ ಅಜಲು ಎಂಬ ಪದ್ಧತಿ. ಮೇಲುಜಾತಿಯವರ ರೋಗ, ಕೇಡು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುವುದು, ಕಂಬಳದ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು ಇತ್ಯಾದಿ. ಇನ್ನೊಬ್ಬರ ಸಾವನ್ನು ತಮ್ಮ ಮೈಯೊಳಗೆ ಹೊರುವ ಕೆಲಸವಿದು. ಕರ್ನಾಟಕ ಸರ್ಕಾರವು 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ತಂದಿತು. ಕೊರಗ ಸಂಘಟನೆಗಳ ಹೋರಾಟದಿಂದ ಕೊರಗ ವೇಷವೂ ನಿಷೇಧದ ವ್ಯಾಪ್ತಿಗೆ ಬಂದಿತು.

ವೇಷದ ಪರವಾದ ವಾದಗಳು ಲಘುವಾದವುಗಳಲ್ಲ. ಹರಕೆ ಹೊತ್ತವನಲ್ಲಿ ದ್ವೇಷವಿರಲಿಲ್ಲ, ಭಕ್ತಿಯಿತ್ತು. ಮೇಲಿನವನು ವರ್ಷಕ್ಕೊಮ್ಮೆ ಕೆಳಗಿನವನಾಗುವ ತಲೆಕೆಳಗಾಟದಲ್ಲಿ ಒಂದು ಬಗೆಯ ವಿನಯವಿದೆ. ಹುಲಿವೇಷ ಹಾಕಿದರೆ ಹುಲಿಗೆ ಅವಮಾನವೇ ಎಂಬ ಪ್ರಶ್ನೆಯೂ ಕೇಳಿಬಂದದ್ದುಂಟು. ಕೊನೆಯದು ತಾನೇ ತನಗೆ ಉತ್ತರ ಹೇಳಿಕೊಳ್ಳುತ್ತದೆ: ಹುಲಿ ಮರುದಿನ ಅದೇ ಅಂಗಡಿಯ ಮುಂದೆ ಕೂಲಿ ಕೇಳಲು ಬಂದು ನಿಲ್ಲುವುದಿಲ್ಲ. ವಿನಯದ ವಾದ ಇನ್ನಷ್ಟು ಪರಿಶೀಲನೆಗೆ ತಕ್ಕದ್ದು. ಒಳಗು ಹೊರಗಿನ ಮಾನದಂಡದಿಂದ ಅಳೆದರೆ ಹರಕೆಯವನು ಪಾರಾಗುತ್ತಾನೆ. ಅವನ ಒಳಗಿನಲ್ಲಿ ಕಪಟವಿಲ್ಲ. ಜಾತಿ ಸಮಾನತೆಯನ್ನು ಒಪ್ಪಿದವನೂ ಆಗಿರಬಹುದು. ಆದರೂ ವೇಷಕ್ಕೂ ಆ ನಿಲುವಿಗೂ ಹೊಂದಾಣಿಕೆಯಿಲ್ಲ. ಸಂಜೆ ಅವನು ಎಣ್ಣೆ ಹಚ್ಚಿ ಮಸಿ ತೊಳೆದುಕೊಳ್ಳುತ್ತಾನೆ. ಯಾರ ಅವಮಾನವನ್ನು ಅವನು ಹರಕೆಯಾಗಿ ತೊಟ್ಟನೋ ಅವರಿಗೆ ತೊಳೆದುಕೊಳ್ಳುವ ಆ ಸಂಜೆ ಇಲ್ಲ. ತೊಡಬೇಡಿ ಎಂದು ಹೇಳಿದಾಗ ಅವರ ಮಾತು ಕೇಳಿಸಲು ಕಾನೂನೇ ಬೇಕಾಯಿತು. ಉಟ್ಟವನ ಮನಸ್ಸು ಶುದ್ಧವಾಗಿರುವುದು ಇಲ್ಲಿ ಉತ್ತರವಾಗಲಾರದು.

ಮಾನದಂಡವನ್ನು ಹೀಗೆ ಬದಲಿಸಿಕೊಂಡರೆ ಮಹಾಡದ ಒಂದು ಘಟನೆ ಬೇರೆಯಾಗಿ ಕಾಣುತ್ತದೆ. 1927ರ ಡಿಸೆಂಬರ್ 25ರಂದು ಅಲ್ಲಿ ಮನುಸ್ಮೃತಿಯನ್ನು ಸುಟ್ಟುದು ಎಲ್ಲರೂ ಬಲ್ಲ ಸಂಗತಿ. ಅದೇ ಸಮಾವೇಶದಲ್ಲಿ ಅಂಬೇಡ್ಕರ್ ಅವರು ದಲಿತ ಮಹಿಳೆಯರನ್ನುದ್ದೇಶಿಸಿ ಮಾತನಾಡಿ, ಜಾತಿಯನ್ನು ಸಾರುವ ರೀತಿಯ ಸೀರೆ ಉಡುವುದನ್ನೂ ಕೈಕಾಲಿನ ಭಾರದ ಒಡವೆಗಳನ್ನೂ ಬಿಡಬೇಕೆಂದು ಹೇಳಿದ್ದಕ್ಕೆ ದೊರೆತ ಗಮನ ಕಡಿಮೆ. ಹೆಣದ ಬಟ್ಟೆ, ಕಬ್ಬಿಣದ ಒಡವೆಗಳನ್ನು ವಿಧಿಸಿದ ಗ್ರಂಥವನ್ನು ಸುಟ್ಟ ಜಾಗದಲ್ಲಿಯೇ ಉಡುಗೆ ಬದಲಿಸಿ ಎಂಬ ಮಾತು ಬಂದದ್ದು ಕಾಕತಾಳೀಯವಲ್ಲ. ಅಂಬೇಡ್ಕರ್ ಅವರು ಜೀವನವಿಡೀ ತೊಟ್ಟ ಸೂಟನ್ನು ಪಾಶ್ಚಾತ್ಯ ಅನುಕರಣೆಯೆಂದು ಆಕ್ಷೇಪಿಸುವವರು, ಗಾಂಧಿಯ ತುಂಡುಬಟ್ಟೆಯೊಂದಿಗೆ ಅದನ್ನು ಹೋಲಿಸುವವರು, ಈ ಹಿನ್ನೆಲೆಯನ್ನು ಗಣಿಸುವುದಿಲ್ಲ. ಬಡವನ ಉಡುಗೆಯನ್ನು ಎತ್ತಿಕೊಳ್ಳುವುದು ಗಾಂಧಿಗೆ ಸಾಧ್ಯವಾದ ನೈತಿಕ ಆಯ್ಕೆ. ಹೊರಿಸಿದ ಉಡುಗೆಯನ್ನು ಕಳಚುವುದೇ ಕೆಲವರಿಗೆ ಮೊದಲ ರಾಜಕೀಯ ಕ್ರಿಯೆ.

ಬಣ್ಣವಾಗಲೀ ಚಿಹ್ನೆಯಾಗಲೀ ತನ್ನಷ್ಟಕ್ಕೆ ನಿಲುವನ್ನು ಹೇಳದು ಎಂಬುದಕ್ಕೆ ಕಪ್ಪು ಅಂಗಿ ಸಾಕ್ಷಿ. 1922ರಲ್ಲಿ ರೋಮಿಗೆ ನಡೆದ ಮುಸೊಲಿನಿಯ ಪಡೆಗಳು ಕಪ್ಪು ಅಂಗಿಯವು. 1945ರ ಸುಮಾರಿಗೆ ಪೆರಿಯಾರ್ ಅವರು ಕಟ್ಟಿದ ಸ್ವಯಂಸೇವಕರ ದಳದ್ದೂ ಕಪ್ಪು ಅಂಗಿಯೇ. ಅಲ್ಲಿ ಅದು ಶೂದ್ರರ ಮೇಲಿನ ಕಳಂಕಕ್ಕೆ ಹಿಡಿದ ಸೂತಕ. ತಮ್ಮದೇ ಸೂತಕವನ್ನು ತಾವೇ ತೊಟ್ಟವರ ಉಡುಗೆಗೂ ಇತರರನ್ನು ಹೆದರಿಸಲು ತೊಟ್ಟವರ ಉಡುಗೆಗೂ ಬಣ್ಣ ಒಂದೇ ಆದ ಮಾತ್ರಕ್ಕೆ ಒಂದೇ ತೀರ್ಪು ಸಲ್ಲದು. 1976ರ ಹೊತ್ತಿಗೆ ಲಂಡನ್ನಿನ ಪಂಕ್ ತರುಣರು ಹಿರಿಯರನ್ನು ಕೆಣಕಲೆಂದು ನಾಜಿಗಳ ಸ್ವಸ್ತಿಕವನ್ನು ಅಂಗಿಯ ಮೇಲೆ ತೊಟ್ಟು ತಿರುಗಿದರು. ಅವರಲ್ಲಿ ಹಲವರು ತಮ್ಮನ್ನು ಜನಾಂಗದ್ವೇಷದ ವಿರೋಧಿಗಳೆಂದೇ ತಿಳಿದಿದ್ದರು. ಅದೇ ವರ್ಷ ಜನಾಂಗದ್ವೇಷದ ವಿರುದ್ಧ ಸಂಗೀತಗಾರರ ಚಳವಳಿಯೂ ಅಲ್ಲಿ ಆರಂಭವಾಯಿತು. ಸತ್ತ ಯಹೂದಿಗಳು ಆ ತರುಣರ ತಮಾಷೆಗೆ ಒಪ್ಪಿಗೆ ಕೊಟ್ಟವರಲ್ಲ. 2007ರ ಮಾರ್ಚಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ಹಾಡಿದಾಗ ನೆರೆದ ಸಾವಿರಾರು ತರುಣರ ಕಪ್ಪು ಅಂಗಿಗಳ ಮೇಲೆ ಅಸ್ಥಿಪಂಜರಗಳಿದ್ದವು. ಅವು ಯಾರ ಅಸ್ಥಿಯೂ ಅಲ್ಲ, ಎಲ್ಲರ ಅಸ್ಥಿ. ಎಲ್ಲರಿಗೂ ಸಮಾನವಾಗಿ ಬರುವ ಸಾವನ್ನು ತೊಡುವುದರಲ್ಲಿ ನಿಲುವಿನ ವಿರೋಧವನ್ನು ಹುಡುಕುವುದು ಅತಿಯಾದ ಕಾಳಜಿ; ಹೆಚ್ಚೆಂದರೆ ಅಭಿರುಚಿಯ ಚರ್ಚೆ ಮಾಡಬಹುದು.

ಇದೇ ತಕ್ಕಡಿಯಲ್ಲಿ ನಮ್ಮ 'ಪ್ರಗತಿಪರ' ಪ್ರತಿಭಟನೆಗಳನ್ನೂ ತೂಗಬೇಕಾಗುತ್ತದೆ. ಮಂಡ್ಯ, ಚನ್ನಪಟ್ಟಣ, ರಾಮನಗರಗಳ ಹೆದ್ದಾರಿ ಕಾವೇರಿ ಚಳವಳಿಯ ಕಾಲದಲ್ಲಿ ಅಣಕು ಶವಯಾತ್ರೆಗಳನ್ನು ಕಂಡಿದೆ. ಸಿದಿಗೆಯ ಮೇಲೆ ಪ್ರತಿಕೃತಿ, ಮುಂದೆ ಮಡಕೆ ಹಿಡಿದವನು, ಬಾಯಿ ಬಡಿದುಕೊಳ್ಳುವವರು. ಆಳುವವರನ್ನು ಸತ್ತವರೆಂದು ಸಾರುವ ಈ ವೇಷ ರೈತನಿಗೆ ಒಪ್ಪುವಂಥದೇ. ಬತ್ತಿದ ಗದ್ದೆಯ ಸೂತಕ ಅವನದೇ. ಆದರೆ ಶವಯಾತ್ರೆಗೆ ತಮಟೆ ಬೇಕು. ಸಾವಿನ ಮನೆಯ ಮುಂದೆ ತಮಟೆ ಬಡಿಯುವುದನ್ನು ಬಿಟ್ಟಿ ಚಾಕರಿಯಾಗಿ ಹೊತ್ತ ಕೇರಿಯವರು ಆ ಚಾಕರಿಯನ್ನು ಬಿಡಬೇಕೆ, ತಮಟೆಯನ್ನು ಹೋರಾಟದ ವಾದ್ಯವಾಗಿ ಹಿಡಿಯಬೇಕೆ ಎಂದು ದಲಿತ ಚಳವಳಿ ದಶಕಗಳ ಕಾಲ ಚರ್ಚಿಸಿದೆ. ಅಣಕು ಹೆಣವನ್ನು ಹೊತ್ತವರು ಮೆರವಣಿಗೆ ಮುಗಿದ ಮೇಲೆ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ತಮಟೆಯವನನ್ನು ನಾಳೆ ನಿಜವಾದ ಹೆಣದ ಮುಂದೆ ನಡೆಯಲು ಅವರೇ ಕರೆಸಿದರೆ, ಅಣಕಿನಲ್ಲಿ ಸತ್ತದ್ದು ಯಾವುದು, ಉಳಿದದ್ದು ಯಾವುದು ಎಂಬುದನ್ನು ಚಳವಳಿಗಾರರು ಯೋಚಿಸಬೇಕಾಗುತ್ತದೆ.

ವೀರಗಾಸೆಯ ಇಂದಿನ ಸ್ಥಿತಿಯ ಬಗೆಗೂ ಒಂದು ಮಾತು ಉಳಿದಿದೆ. ಎಚ್.ಎಲ್. ನಾಗೇಗೌಡರು ಕಟ್ಟಿ 1994ರಲ್ಲಿ ಆರಂಭವಾದ ರಾಮನಗರದ ಜಾನಪದ ಲೋಕದಂಥ ಸಂಸ್ಥೆಗಳಿಂದ ಜನಪದ ಕಲೆಗಳಿಗೆ ಊರಾಚೆಯ ವೇದಿಕೆಯೂ ಗೌರವವೂ ದೊರೆತಿವೆ. ಗಂಡಸರದೇ ಆಗಿದ್ದ ಕುಣಿತಕ್ಕೆ ಮಹಿಳಾ ತಂಡಗಳೂ ಬಂದಿವೆ. ಇದರ ಜೊತೆಗೆ ಮಂತ್ರಿಗಳ ಸ್ವಾಗತಕ್ಕೆ, ಪಕ್ಷಗಳ ಸಮಾವೇಶಕ್ಕೆ ವೀರಗಾಸೆ ತಂಡವನ್ನು ಗೊತ್ತುಮಾಡುವುದೂ ರೂಢಿಯಾಗಿದೆ. ಕರೆಯದ ಯಜ್ಞಕ್ಕೆ ನುಗ್ಗಿದವನ ವೇಷವಿಂದು ಕರೆದವರ ಮುಂದೆ ದಾರಿ ಬಿಡಿಸುತ್ತ ನಡೆಯುತ್ತದೆ. ಕಲಾವಿದನಿಗೆ ಇದು ಸಂಭಾವನೆಯ ಮಾತು, ಅವನನ್ನು ದೂರುವಂತಿಲ್ಲ. ಬಹುರೂಪಿ ಚೌಡಯ್ಯನೂ ವೇಷದಿಂದಲೇ ಉಂಡವನು. ನಿಲುವಿಗೂ ವೇಷಕ್ಕೂ ವಿರೋಧ ಬಂದಿದ್ದರೆ ಅದು ಬಾಡಿಗೆ ಕೊಟ್ಟವರ ಕಡೆಯಿಂದ ಬಂದದ್ದು. ರುಂಡಮಾಲೆಗಿಂತ ಅದರ ಹಿಂದೆ ನಗುತ್ತ ಬರುವ ಹೂಮಾಲೆಯನ್ನು ಹೆಚ್ಚು ಎಚ್ಚರದಿಂದ ನೋಡಬೇಕು.

ಕರಾವಳಿಯಲ್ಲಿ ಅಜಲು ನಿಷೇಧದ ನಂತರ ಕೊರಗ ಸಮುದಾಯದೊಳಗೆ ಡೋಲಿನ ಬಗೆಗೆ ಚರ್ಚೆ ನಡೆದಿದೆ. ಡೋಲು ಬಡಿಯುವುದೂ ಅಜಲು ಚಾಕರಿಯ ಭಾಗವಾಗಿದ್ದುದರಿಂದ ಅದನ್ನು ಪೂರ್ತಿ ಬಿಡಬೇಕೆಂಬವರಿದ್ದಾರೆ. ಗಜಮೇಳ ಮೊದಲಾದ ತಮ್ಮ ಕುಣಿತಗಳನ್ನು ತಮ್ಮ ವೇದಿಕೆಯಲ್ಲಿ, ತಾವು ಒಪ್ಪಿದ ಸಂದರ್ಭದಲ್ಲಿ, ತಾವು ಆರಿಸಿದ ಉಡುಗೆಯಲ್ಲಿ ನಡೆಸುವವರೂ ಇದ್ದಾರೆ. ಎರಡೂ ಕಡೆಯವರಿಗೆ ಕಾರಣಗಳಿವೆ. ಆ ಚರ್ಚೆಯನ್ನು ಮುಗಿಸುವ ಅಧಿಕಾರ ಮಸಿ ಬಳಿದುಕೊಂಡವರಿಗೂ ಇಲ್ಲ, ಅದನ್ನು ಅಧ್ಯಯನ ಮಾಡುವವರಿಗೂ ಇಲ್ಲ.